ವಿಶಾಲಮ್ಮನ ತಿಜೋರಿ

ನಮ್ಮತ್ತೆ ವಿಶಾಲಮ್ಮನವರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹಾರನಹಳ್ಳಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುವವರಿಗೇನು ಗೊತ್ತು ಮಣ್ಣು! ಮೂಗಿನ ತುದಿಯಲ್ಲಿದ್ದರೆ ಒಂದು ಸೀನಿಗೆ ಉದುರಿ ಹೋಗುತ್ತಿತ್ತು. ಒಂಬತ್ತು ವರ್ಷ ಅದು ಹೊಟ್ಟೆಯೊಳಗೆ ಕುದಿಯುತ್ತಿತ್ತು. ನಾನು ಶಿಲ್ಪಾ, ಈ ಮನೆಗೆ ಸೊಸೆಯಾಗಿ ಬಂದು ಆರು ವರ್ಷವಾಯಿತು. ಆ ಕುದಿತವನ್ನು ಹತ್ತಿರದಿಂದ ನೋಡಿದವಳು ನಾನೊಬ್ಬಳೇ ಆದ್ದರಿಂದ ತಿಜೋರಿಯ ಕಥೆಯನ್ನು ನಾನೇ ಹೇಳಬೇಕು. ಇದರಲ್ಲಿ ನನ್ನ ಘನಕಾರ್ಯವೂ ಒಂದೆರಡಿದೆ, ಅದನ್ನೂ ಮುಚ್ಚಿಡುವುದಿಲ್ಲ.

ನಮ್ಮದು ತೆಂಗಿನ ಮನೆ. ತೋಟದಿಂದ ಇಳಿಸಿದ ಕಾಯಿ ಸಿಪ್ಪೆ ಸಮೇತ ಅಟ್ಟ ಹತ್ತಿತೆಂದರೆ ಹತ್ತು ಹನ್ನೊಂದು ತಿಂಗಳು ಅಲ್ಲೇ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಟಗಟ ಅನ್ನುವವರೆಗೆ ಯಾರೂ ಕೈ ಹಚ್ಚುವ ಹಾಗಿಲ್ಲ. ಅವಸರ ಮಾಡಿ ಮುಟ್ಟಿದವರ ಕಾಯಿ ಕೊಳೆಯುತ್ತದೆ ಎಂದು ಇಲ್ಲಿ ಎಲ್ಲರಿಗೂ ಹುಟ್ಟಿನಿಂದ ಗೊತ್ತು. ಅತ್ತೆಗೆ ಅರವತ್ತೊಂದು ವರ್ಷ. ಏಣಿಯ ಕೆಳಗೆ ನಿಂತು ಮೂಗು ಒಂದು ಸಲ ಎಳೆದರೆ ಸಾಕು, ಸಾವಿರ ಕಾಯಲ್ಲಿ ಯಾವ ಮೂಲೆಯದಕ್ಕೆ ಬೂಷ್ಟು ಹಿಡಿದಿದೆ ಎಂದು ಹೇಳಿಬಿಡುತ್ತಾರೆ. ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ ಕಾಯಿ ಗಟ್ಟಿಯೋ ಜೊಳ್ಳೋ ಎಂದು ಹೇಳುತ್ತಾರೆ. ಕೊಬ್ಬರಿ ಕೊಳ್ಳಲು ಬರುವ ವ್ಯಾಪಾರಿಗಳು ಮಾವನವರಿಗೆ ನಮಸ್ಕಾರ ಹಾಕಿ, ಕಾಯಿಯ ವಿಷಯವನ್ನು ಅತ್ತೆಯ ಹತ್ತಿರ ಕೇಳಿಕೊಂಡು ಹೋಗುತ್ತಾರೆ.

ಅವರ ತವರು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿ. ಅಪ್ಪ ಕಲ್ಲೇಶಪ್ಪ ಮೇಷ್ಟ್ರು. ಸರ್ಕಾರಿ ಶಾಲೆಯ ಸಂಬಳದಲ್ಲಿ ಉಳಿಸಿ ಉಳಿಸಿ ಮೂವತ್ತು ಗುಂಟೆ ತೆಂಗಿನ ತೋಟ ಕೊಂಡಿದ್ದರು. ಸಾಯುವ ಎರಡು ವರ್ಷ ಮೊದಲು, ಆ ತೋಟ ಮಗಳಿಗೆ ಎಂದು ತಮ್ಮ ಕೈಯಾರೆ ಒಂದು ಉಯಿಲು ಬರೆದರು. ಶಾಯಿ ಪೆನ್ನಿನಲ್ಲಿ, ಕರಿಹಲಗೆಯ ಮೇಲೆ ಬರೆದಷ್ಟು ದುಂಡಗೆ. ಸಾಕ್ಷಿ ಹಾಕಿದವರು ಇಬ್ಬರು. ಒಬ್ಬರು ಆಗಲೇ ತೀರಿಕೊಂಡಿದ್ದಾರೆ. ಇನ್ನೊಬ್ಬರು ರಾಮಣ್ಣ, ಮೇಷ್ಟ್ರ ಜೊತೆ ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದವರು, ಈಗ ಎಂಬತ್ತು ದಾಟಿದೆ.

ಅಪ್ಪನ ಶಿವಗಣಾರಾಧನೆ ಮುಗಿದ ದಿನವೇ ಅತ್ತೆ ಆ ಕಾಗದವನ್ನು ತಮ್ಮ ಮಹಾಂತೇಶನಿಗೆ ತೋರಿಸಿದ್ದರಂತೆ. ಅವನು ಓದಿ, ಮಡಚಿ, ವಾಪಸ್ ಕೊಟ್ಟು ಹೇಳಿದ್ದು ಒಂದೇ ಮಾತು. "ಅಪ್ಪ ಕೊನೆಗಾಲದಲ್ಲಿ ತಲೆ ಸರಿಯಿಲ್ದೆ ಗೀಚವ್ರೆ. ಒಲೆಗೆ ಹಾಕಕ್ಕ ಅದನ್ನ."

ಒಲೆಗೆ ಹಾಕು! ಮೂರೇ ತಿಂಗಳಲ್ಲಿ ತೋಟದ ಖಾತೆ ಅವನ ಹೆಸರಿಗೆ ಆಯಿತು. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಒಂದು ಸೀರೆ, ಎಲೆ ಅಡಿಕೆ, ಅರಿಶಿನ ಕುಂಕುಮ ತಪ್ಪದೆ ಬರುತ್ತಿತ್ತು. ಅತ್ತೆ ಆ ಸೀರೆಗಳನ್ನು ಉಡುತ್ತಲೂ ಇದ್ದರು. ತವರಿನ ಮೇಲೆ ಕೇಸು ಹಾಕಿದ ಹೆಣ್ಣಿಗೆ ಗೌರಿ ಹಬ್ಬಕ್ಕೆ ಬಾಗಿಲಿಗೆ ಯಾರು ಬರುತ್ತಾರೆ? ಅದೊಂದು ಹೆದರಿಕೆ. ಮಾವ ಮರುಳಪ್ಪನವರದು ಇನ್ನೊಂದು ವರಸೆ. "ತವರುಮನೆ ಆಸ್ತಿಗೆ ಕೈ ಚಾಚೋದು ನಮ್ ಮನೆ ಮರ್ಯಾದೆಗೆ ಕಮ್ಮಿ ಕಣೇ" ಎನ್ನುತ್ತಿದ್ದರು. ಮಾವನವರ ಅಕ್ಕತಂಗಿಯರು ಯಾರೂ ಪಾಲು ಕೇಳಿಲ್ಲವಲ್ಲ, ಆ ಮರ್ಯಾದೆ ಅವರಿಗೆ ಬಿಟ್ಟಿಯಾಗಿ ಸಿಕ್ಕಿದ್ದು. ಹೀಗೆ ಉಯಿಲು ಒಂದು ಪ್ಲಾಸ್ಟಿಕ್ ಕವರಿನಲ್ಲಿ, ಟ್ರಂಕಿನ ತಳದಲ್ಲಿ, ಹಳೆ ಸೀರೆಗಳ ಕೆಳಗೆ ಮಲಗಿತ್ತು.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಪಕ್ಕದ ಬೀದಿಯ ಕೆಂಚಪ್ಪನವರ ಅಟ್ಟಕ್ಕೆ ಬೆಂಕಿ ಬಿತ್ತು. ಮಟಮಟ ಮಧ್ಯಾಹ್ನ. ಅಟ್ಟದ ತುಂಬ ಒಣ ಕಾಯಿ. ಎಣ್ಣೆಯಿರುವ ಪದಾರ್ಥ, ಕೇಳಬೇಕೆ! ಅರಸೀಕೆರೆಯಿಂದ ಬೆಂಕಿ ಗಾಡಿ ಬರುವ ಹೊತ್ತಿಗೆ ಅಟ್ಟ ಕುಸಿದು ನಡುಮನೆಗೆ ಬಿದ್ದಿತ್ತು. ನೀರು ಹೊಡೆದರೂ ಚಿಪ್ಪು ಎರಡು ದಿನ ಒಳಗೊಳಗೇ ಉರಿಯಿತು. ಮನೆಯವರಿಗೆ ಏನೂ ಆಗಲಿಲ್ಲ, ಅದು ಪುಣ್ಯ.

ಮೂರನೇ ದಿನ ಬೂದಿ ಸರಿಸಿದಾಗ ಕಬ್ಬಿಣದ ಬೀರು ನಿಂತೇ ಇತ್ತು. ಬಣ್ಣ ಹೊಪ್ಪಳೆಯೆದ್ದಿತ್ತು, ಅಷ್ಟೇ. ಕೆಂಚಪ್ಪನವರ ಮುಖಕ್ಕೆ ಜೀವ ಬಂತು. "ನನ್ ಪತ್ರ ಎಲ್ಲಾ ಅದ್ರಾಗವೆ, ಉಳ್ಕಂಡೆ ಬುಡ್ರಪ್ಪ" ಎಂದು ಹಾರೆಯಿಂದ ಬಾಗಿಲು ಮೀಟಿಸಿದರು. ಒಳಗೆ ಬಂಗಾರದ ಸರ ಮಸಿ ಹಿಡಿದು ಹಾಗೇ ಇತ್ತು. ಪತ್ರಗಳೂ ಜೋಡಿಸಿಟ್ಟ ಹಾಗೇ ಇದ್ದವು, ಇದ್ದಿಲಿನಷ್ಟು ಕಪ್ಪಗೆ. ಮೇಲಿನ ಹಾಳೆಯಲ್ಲಿ ಛಾಪಾ ಕಾಗದದ ಗೆರೆಗಳು ಕೂಡ ಕಾಣುತ್ತಿದ್ದವು. ಕೆಂಚಪ್ಪ ಒಂದು ಬೆರಳು ಇಟ್ಟರು. ಅಷ್ಟೂ ಪುಡಿಯಾಗಿ ಕೆಳಗಿಳಿಯಿತು.

ಅತ್ತೆ ಅಲ್ಲೇ ನನ್ನ ಪಕ್ಕದಲ್ಲಿ ನಿಂತಿದ್ದರು. ಮನೆಗೆ ಬಂದವರೇ ಟ್ರಂಕು ತೆಗೆದು ಉಯಿಲು ಇದೆಯೋ ಇಲ್ಲವೋ ಎಂದು ನೋಡಿಕೊಂಡರು. ಟ್ರಂಕಿನ ನೇರ ಮೇಲೆ ನಮ್ಮ ಅಟ್ಟ.

"ಅವ್ನು ಒಲೆಗೆ ಹಾಕು ಅಂದಿದ್ದ" ಎಂದರು. "ನಾನು ಒಲೆ ಕೆಳಗೇ ಮಡಗಿದೀನಿ ನೋಡೇ ಶಿಲ್ಪಾ. ಬೆಂಕಿಗೆ ಜಗ್ಗದ ಪೆಟ್ಗೆ ಯಾವ್ದಾದ್ರೂ ಐತಾ? ಓದಿರೋಳು ನೀನು, ಹುಡುಕು."

ಹುಡುಕಿದೆ. ಮೊಬೈಲಿನಲ್ಲಿ ನೋಡಿ, ಇದೆ ಎಂದೆ. ಮಾವ ನಕ್ಕರು. "ಒಂದು ಹಾಳೆ ಕಾಗ್ದಕ್ಕೆ ತಿಜೋರಿಯಂತೆ! ಬೀರು ಇಲ್ವೇನೇ ಮನೇಲಿ?" ಅತ್ತೆ ಅವರ ಕಡೆ ತಿರುಗಿಯೂ ನೋಡಲಿಲ್ಲ. ಮರುದಿನವೇ ಸೀರೆ ಉಟ್ಟು ಹೊರಟು ನಿಂತರು. ನನ್ನ ಗಂಡ ಶರತ್ಚಂದ್ರ ಕಾರು ತೆಗೆಯಲೇಬೇಕಾಯಿತು.

ಅರಸೀಕೆರೆಯ ಆ ಬೀರು ಅಂಗಡಿಯ ಅರುಣ್‌ಕುಮಾರ್‌ನನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ತಿಜೋರಿ ಬೇಕೆಂದವರು ಅತ್ತೆ, ದುಡ್ಡು ಅವರ ಕೈಚೀಲದಲ್ಲಿ. ಅವನು ಮಾತಾಡಿದ್ದೆಲ್ಲ ನನ್ನ ಗಂಡನ ಜೊತೆ.

"ಸಾರ್, ಇದು ಡಿಜಿಟಲ್ ಲಾಕು. ಗೋಡೆಗೆ ನಾಲ್ಕು ಬೋಲ್ಟ್ ಹಾಕ್ಬಿಟ್ರೆ ಕಳ್ಳ ಅಲ್ಲ, ಕಳ್ಳನ ಅಪ್ಪ ಬಂದ್ರೂ ಕಿತ್ಕೊಂಡ್ ಹೋಗಕ್ಕಾಗಲ್ಲ."

"ಬೆಂಕಿ ಬಿದ್ರೆ?" ಎಂದರು ಅತ್ತೆ.

"ಅಮ್ಮಾವ್ರು ಏನೋ ಕೇಳ್ತಿದಾರೆ ಸಾರ್."

"ಅಮ್ಮಾವ್ರು ನಿನ್ನೇ ಕಣಪ್ಪ ಕೇಳ್ತಿರೋದು. ಈ ಕಡೆ ತಿರುಗು. ಬೆಂಕಿ ಬಿದ್ರೆ ಒಳಗಿರೋ ಕಾಗ್ದ ಏನಾಯ್ತದೆ?"

ಅವನು ತಿರುಗಿದ. ಚಿಕ್ಕ ಮಗುವಿಗೆ ತಿಳಿಹೇಳುವವನ ಹಾಗೆ ನಕ್ಕ. "ಇದು ಕಬ್ಬಿಣ ಅಮ್ಮ. ಕಬ್ಬಿಣಕ್ಕೆ ಬೆಂಕಿ ಏನ್ಮಾಡುತ್ತೆ?"

ಅತ್ತೆಗೆ ಪಿತ್ತ ನೆತ್ತಿಗೇರಿತು. "ನಿಮ್ಮನೇಲಿ ಅನ್ನ ಮಾಡೋ ಕುಕ್ಕರ್ ಏನು ಸೌದೇಲಿ ಮಾಡವ್ರಾ? ಅದೂ ಲೋಹನೇ. ಬೆಂಕೀಲಿ ಅದಕ್ಕೇನಾಯ್ತದೆ? ಅದಕ್ಕೇನೂ ಆಗಲ್ಲ. ಒಳಗಿನ ಅಕ್ಕಿ ಬೇಯಲ್ವಾ? ಕೆಂಚಪ್ಪನ ಬೀರೂ ಕಬ್ಬಿಣದ್ದೇ ಕಣಯ್ಯ. ಬೀರು ಗುಂಡುಕಲ್ಲಿನಂಗೆ ನಿಂತೈತೆ, ಮೂರು ತಲೆಮಾರಿನ ಪತ್ರ ಬೂದಿ ಆಗವೆ. ಅಂಗಡಿ ಇಟ್ಕಂಡು ಕೂತಿದೀಯ, ಇಷ್ಟು ಗೊತ್ತಿಲ್ವಾ ನಿಂಗೆ?"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಗಂಡ ನಾಚಿಕೆಯಿಂದ ಫ್ಯಾನ್ ನೋಡುತ್ತ ನಿಂತರು. ಅತ್ತೆ ಆ ಡಿಜಿಟಲ್ ಪೆಟ್ಟಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕಾಯಿ ಕುಟ್ಟುವ ಹಾಗೆ ಬೆರಳ ಗೆಣ್ಣಿನಿಂದ ಅದರ ಮೈ ಕುಟ್ಟಿದರು. ಟಣ್ ಎಂದಿತು. "ಜೊಳ್ಳು. ಬರೀ ತಗಡು" ಎಂದು ಎದ್ದರು. ಪಕ್ಕದ್ದನ್ನು ಕುಟ್ಟಿದರು, ಅದೂ ಟಣ್. ಹೀಗೆ ಅಂಗಡಿಯ ಅಷ್ಟೂ ತಿಜೋರಿಗಳನ್ನು ಕುಟ್ಟುತ್ತ ಹೋಗಿ, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಒಂದು ಬೂದು ಪೆಟ್ಟಿಗೆಯ ಹತ್ತಿರ ನಿಂತರು. ಹೊರಗಿನಿಂದ ದೊಡ್ಡದು, ಬಾಗಿಲು ತೆಗೆದರೆ ಒಳಗೆ ಎರಡು ಫೈಲು ಹಿಡಿಸುವಷ್ಟೇ ಜಾಗ. ಗೋಡೆ ಅಂಗೈ ದಪ್ಪ. ಕುಟ್ಟಿದರೆ ದಬ್ ಎಂದಿತು, ಒದ್ದೆ ಗೋಡೆ ಕುಟ್ಟಿದ ಹಾಗೆ.

"ಇದ್ರೊಳಗೆ ಏನೋ ತುಂಬವ್ರೆ. ಇದು ಗಟ್ಟಿ ಕಾಯಿ" ಎಂದರು.

ಬಾಗಿಲ ಒಳಮೈಗೆ ಅಂಟಿಸಿದ್ದ ಇಂಗ್ಲಿಷ್ ಚೀಟಿಯನ್ನು ನಾನು ಓದಿದೆ. ಬೆಂಕಿಯಲ್ಲಿ ಒಂದು ಗಂಟೆ, ಕಾಗದಕ್ಕೆ ಮಾತ್ರ ಎಂದಿತ್ತು. ಒಂದು ಗಂಟೆ ಸಾಲದು ಎಂದರು ಅತ್ತೆ. ಎರಡು ಗಂಟೆಯದು ಬೆಂಗಳೂರಿನಿಂದ ತರಿಸಬೇಕು, ಮೂರು ವಾರ ಆಗುತ್ತೆ ಎಂದ ಅರುಣ್‌ಕುಮಾರ್, ಅತ್ತೆಗೇ ಹೇಳಿದ. ನಂಬರ್ ಲಾಕು ಹಾಕಿಸಿ ಎಂದು ನನ್ನ ಗಂಡ ಗೋಗರೆದರು. "ಆ ನಂಬರ್ ನೀನು ಇಟ್ಕತೀಯ, ನಿಮ್ಮಪ್ಪ ಇಟ್ಕತಾರೆ, ಆಮೇಲೆ ಬ್ಯಾಟ್ರಿ ಸಾಯ್ತದೆ. ಬ್ಯಾಡ. ಬೀಗದ ಕೈ ಇರ್ಲಿ, ನನ್ ಹತ್ರ ಇರ್ಲಿ" ಎಂದರು ಅತ್ತೆ. ಇಷ್ಟು ಜಾಣತನದಿಂದ ತಿಜೋರಿ ಆರಿಸಿದ ಇನ್ನೊಬ್ಬರು ಅರಸೀಕೆರೆ ತಾಲ್ಲೂಕಿನಲ್ಲಿ ಇದ್ದರೆ ನನಗೆ ತೋರಿಸಿ.

ಮೂರು ವಾರ ಎಂದದ್ದು ಮೂರು ತಿಂಗಳು ದಾಟಿ, ಆಷಾಢದಲ್ಲಿ ಪೆಟ್ಟಿಗೆ ಬಂತು. ನಾಲ್ಕು ಜನ ಹೆಣಗಾಡಿ ಇಳಿಸಿದರು. ಎಲ್ಲಿಡುವುದು ಎಂದಾಗ ಅತ್ತೆ, ಮೇಲೆ ಅಟ್ಟವಿಲ್ಲದ ಜಾಗ ಬೇಕು, ಅಟ್ಟ ಕುಸಿದರೂ ಇದರ ಮೇಲೆ ಬೀಳಬಾರದು ಎಂದರು. ಅಂಥ ಕೋಣೆ ಇದ್ದದ್ದು ಒಂದೇ. ಹಿಂದೆ ಬಚ್ಚಲಿಗೆ ಒತ್ತಿಕೊಂಡು ಹೊಸದಾಗಿ ಕಟ್ಟಿಸಿದ ಆರ್‌ಸಿಸಿ ಕೋಣೆ. ಅಲ್ಲಿಗೇ ಹೋಯಿತು.

ಇನ್ನು ನನ್ನ ಘನಕಾರ್ಯ. ಪೆಟ್ಟಿಗೆಯೊಳಗೆ ಬೆರಳುದ್ದದ ಮೂರು ಬಿಳಿ ಪೊಟ್ಟಣಗಳಿದ್ದವು, ಅಲ್ಲಾಡಿಸಿದರೆ ಮರಳಿನಂತೆ ಸದ್ದಾಗುತ್ತಿತ್ತು. ಮನೆಯಲ್ಲಿ ಪುಟ್ಟ ಮಗಳಿದ್ದಾಳೆ, ಬಾಯಿಗೆ ಹಾಕಿಕೊಂಡಾಳು ಎಂದು ಹಿತ್ತಲಿಗೆ ಎಸೆದೆ. ಜೊತೆಗೊಂದು ಇಂಗ್ಲಿಷ್ ಪುಸ್ತಿಕೆ ಇತ್ತು. ಬಿ.ಎ. ಓದಿದವಳು ನಾನು, ಈ ಮನೆಯಲ್ಲಿ ಅದನ್ನು ಓದಬಲ್ಲವರು ನಾನು ಮತ್ತು ನನ್ನ ಗಂಡ ಇಬ್ಬರೇ. ಆಮೇಲೆ ಓದಿದರಾಯಿತು ಎಂದು ಅಡುಗೆಮನೆಯ ಗೂಡಿಗೆ ತುರುಕಿದೆ. ಅತ್ತೆ ಉಯಿಲನ್ನು ಪ್ಲಾಸ್ಟಿಕ್ ಕವರಿನ ಸಮೇತ ಇಡಲು ಹೋದಾಗ, "ಬಿಸಿಗೆ ಪ್ಲಾಸ್ಟಿಕ್ ಕರಗಿ ಅಂಟಿಕೊಳ್ಳುತ್ತೆ ಅತ್ತೆ, ತೆಗೆದುಬಿಡಿ" ಎಂದವಳೂ ನಾನೇ.

ಅವರು ತೆಗೆದರು. ಬರಿ ಕಾಗದವನ್ನು ಮೇಲಿನ ತಟ್ಟೆಯಲ್ಲಿಟ್ಟರು. ಕೆಳಗೆ ಮಾವನವರ ಜಮೀನಿನ ಪತ್ರಗಳು. ಅದರ ಕೆಳಗೆ ನನ್ನ ಅಂಕಪಟ್ಟಿಗಳ ಫೈಲು. ಫೈಲಿನಲ್ಲಿ ನನ್ನ ತವರಿನಿಂದ ಬಂದ ಒಂದು ಪತ್ರವೂ ಇತ್ತು, ಅದೇನೆಂದು ಅತ್ತೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಡವೆ ಇಡಲು ಬಂದ ಮಾವನವರನ್ನು ಅತ್ತೆ ಅಲ್ಲಿಂದಲೇ ಓಡಿಸಿದರು. "ಬಂಗಾರ ಬೆಂಕೀಲಿ ಸಾಯಲ್ಲ. ಇದು ಕಾಗ್ದದ್ದು." ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಇನ್ನ ಯಾರೂ ಮುಟ್ಟಂಗಿಲ್ಲ. ಅಟ್ಟದ ಕಾಯಿ ಹೆಂಗೆ ಬಿಟ್ಬುಡ್ತೀವೋ ಹಂಗೆ ಇರ್ಲಿ."

ಹಾಗೇ ಇತ್ತು. ಒಂದು ವರ್ಷ ಎರಡು ತಿಂಗಳು ಆ ಬಾಗಿಲು ತೆರೆಯಲಿಲ್ಲ. ಅತ್ತೆ ದಿನಾ ಕಸ ಗುಡಿಸುವಾಗ ಅದರ ತಲೆ ಒರೆಸುತ್ತಿದ್ದರು. ನೆಮ್ಮದಿಯಾಗಿ ನಿದ್ದೆ ಬರುತ್ತದೆ ಎನ್ನುತ್ತಿದ್ದರು.

ಈ ವರ್ಷ ಗೌರಿ ಹಬ್ಬಕ್ಕೆ ಮಹಾಂತೇಶ ತಾನೇ ಬಂದ. ಪ್ರತಿ ವರ್ಷ ಯಾರ ಕೈಯಲ್ಲೋ ಸೀರೆ ಕಳಿಸುತ್ತಿದ್ದವನು, ಹಣ್ಣಿನ ಬುಟ್ಟಿ, ಹೂವು, ಸಿಹಿ ಹಿಡಿದು ಕಾರಿನಲ್ಲಿ ಬಂದ. ಸೀರೆಯ ಪೊಟ್ಟಣದ ಕೆಳಗೆ ಒಂದು ಪ್ಲಾಸ್ಟಿಕ್ ಫೈಲು. ಹೋಳಿಗೆ ತಿಂದು, ಎಲೆ ಅಡಿಕೆ ಹಾಕಿಕೊಂಡು, ವಿಷಯಕ್ಕೆ ಬಂದ. ಆ ಮೂವತ್ತು ಗುಂಟೆಗೆ ಗಿರಾಕಿ ಸಿಕ್ಕಿದ್ದಾರೆ, ಹೋಮ್‌ಸ್ಟೇ ಮಾಡುತ್ತಾರಂತೆ, ಅಕ್ಕನದು ಒಂದು ಸಹಿ ಇರಲಿ ಎಂದು ಕೇಳುತ್ತಿದ್ದಾರೆ. ಹಕ್ಕು ಬಿಟ್ಟುಕೊಟ್ಟೆ ಎಂಬ ಪತ್ರ ಟೈಪು ಮಾಡಿಸಿ ತಂದಿದ್ದ.

"ಸುಮ್ನೆ ಒಂದು ಸಹಿ ಅಕ್ಕ. ನಾಳಿದ್ದು ಬೇಲೂರಿಗೆ ಬಂದು ರಿಜಿಸ್ಟ್ರಾರ್ ಮುಂದೆ ಒಂದು ಹೆಬ್ಬೆಟ್ಟು. ನಾನೇ ಕಾರು ಕಳಿಸ್ತೀನಿ. ಸೀರೆ ರೇಷ್ಮೆದು ತಂದಿವ್ನಿ, ನೋಡು, ನಿನಗೆ ಒಪ್ತದೆ."

ಮಾವ ಕೆಮ್ಮಿದರು. "ತಮ್ಮ ಇಷ್ಟು ಮರ್ಯಾದೆಯಾಗಿ ಕೇಳ್ತಾ ಅವ್ನೆ, ಹಾಕ್ಬುಡೇ" ಎಂದರು.

ಅತ್ತೆ ಎದ್ದರು. ಅವರ ಮುಖದಲ್ಲಿ ಒಂದು ಬಗೆಯ ಬೆಳಕಿತ್ತು. ಒಂಬತ್ತು ವರ್ಷ ಈ ಗಳಿಗೆಗೆ ಕಾದಿದ್ದರು ಎಂದು ನನಗೆ ಆಗ ಹೊಳೆಯಿತು. "ಕೂತಿರು. ನಿಂಗೊಂದು ತೋರಿಸ್ತೀನಿ. ಒಲೆಗೆ ಹಾಕ್ಲಿಲ್ಲ ಕಣೋ ನಾನು" ಎಂದು ಸೊಂಟದ ಕೀಲಿ ತೆಗೆದು ಹಿಂದಿನ ಕೋಣೆಗೆ ನಡೆದರು. ನಾವೆಲ್ಲ ಹಿಂದೆ ಹೋದೆವು.

ಬಾಗಿಲು ತೆರೆದ ತಕ್ಷಣ ಅತ್ತೆಯ ಮೂಗು ಎದ್ದಿತು. ಬೂಷ್ಟಿನ ವಾಸನೆ. ನನಗೇ ಬಡಿಯಿತು, ಇನ್ನು ಅವರಿಗೆ! ಒಳಗಿನ ಗೋಡೆಯಲ್ಲಿ ಸಣ್ಣ ಸಣ್ಣ ನೀರ ಹನಿ. ಮೇಲಿನ ತಟ್ಟೆಯಲ್ಲಿದ್ದ ಉಯಿಲು ಮೆತ್ತಗಾಗಿ ತಟ್ಟೆಗೇ ಅಂಟಿಕೊಂಡಿತ್ತು. ಅತ್ತೆ ಎರಡು ಕೈಯಲ್ಲಿ, ರೊಟ್ಟಿ ಎತ್ತುವ ಹಾಗೆ, ಅದನ್ನು ಬಿಡಿಸಿದರು. ಅಂಚಿಗೆಲ್ಲ ಹಸಿರು ಬೂಷ್ಟು. ಮೇಷ್ಟ್ರ ದುಂಡು ಅಕ್ಷರ ಅರ್ಧಕ್ಕರ್ಧ ನೀಲಿ ಮೋಡವಾಗಿ ಹರಡಿತ್ತು. "ನನ್ನ ಸ್ವಂತ ದುಡಿಮೆಯಿಂದ ಕೊಂಡ" ಎಂಬುದು ಓದಬಹುದಿತ್ತು. ಸರ್ವೆ ನಂಬರು ಇತ್ತು. "ನನ್ನ ಮಗಳು" ಎಂದಿತ್ತು. ಅದರ ಮುಂದೆ ಹೆಸರಿರಬೇಕಾದ ಜಾಗದಲ್ಲಿ ಒಂದು ನೀಲಿ ಕಲೆ.

ಮಹಾಂತೇಶ ಬಗ್ಗಿ ನೋಡಿದ. ನೋಡಿ, ಹಲ್ಲು ಕಿರಿದ. "ಇದೇನಕ್ಕ, ಓದಕ್ಕೇ ಆಗಲ್ವಲ್ಲ. ನಾನು ಯೋಳಿದ್ದು ಇದೇ. ಯಾಕೆ ಸುಮ್ನೆ? ಬಾ, ಸಹಿ ಹಾಕು."

ಆ ನಗು ಇದೆಯಲ್ಲ, ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ನನಗೇ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅತ್ತೆ ಬೈಯಲಿಲ್ಲ. ಕಾಗದವನ್ನು ನನ್ನ ಅಂಗೈಗಳ ಮೇಲಿಟ್ಟು ನಡುಮನೆಗೆ ಹೋದರು. ರೇಷ್ಮೆ ಸೀರೆ, ಹಣ್ಣಿನ ಬುಟ್ಟಿ, ಅರಿಶಿನ ಕುಂಕುಮ, ಫೈಲು ಎಲ್ಲವನ್ನೂ ಒಟ್ಟಿಗೆ ಬಾಚಿ ತಂದು ಅವನ ಕಾರಿನ ಬಾನೆಟ್ಟಿನ ಮೇಲೆ ಸುರಿದರು. ಕುಂಕುಮ ಗಾಜಿನ ತುಂಬ ಚೆಲ್ಲಿತು.

"ಹೋಗು. ಒಂಬತ್ತು ವರ್ಷ ಒಂಬತ್ತು ಸೀರೆ ಉಟ್ಟೆ, ಅಷ್ಟೇ ನನ್ ಬೆಲೆ ಅನ್ಕಂಡೆ ಅಲ್ವಾ ನೀನು? ಅಪ್ಪ ಬರೆದಿದ್ದು ಅಳಿಸೈತೆ, ನಾನು ಅಳಿಸಿಲ್ಲ. ಬೇಲೂರಿಗೆ ನಾಳಿದ್ದಲ್ಲ, ನಾಳೆಯೇ ಬತ್ತೀನಿ. ಸಹಿ ಹಾಕಕ್ಕಲ್ಲ."

"ವಿಶಾಲು, ಹಬ್ಬದ ದಿನ..." ಎಂದು ಮಾವ ಶುರು ಮಾಡಿದರು.

"ನೀವು ಬಾಯಿ ಮುಚ್ಕಂಡಿರಿ!" ಎಂದರು ಅತ್ತೆ. ಮದುವೆಯಾಗಿ ನಲವತ್ತು ವರ್ಷದಲ್ಲಿ ಅವರು ಆ ಮಾತು ಆಡಿದ್ದು ಅದೇ ಮೊದಲಂತೆ. ಮಾವ ಮುಚ್ಚಿಕೊಂಡರು.

ಕಾರು ಹೋದ ಮೇಲೆ ಅತ್ತೆ ತಿಜೋರಿಯಲ್ಲಿದ್ದ ಅಷ್ಟೂ ಕಾಗದಗಳನ್ನು ಮೊರದಲ್ಲಿ ಹಾಕಿಕೊಂಡು ಅಟ್ಟ ಹತ್ತಿದರು. ನಾನೂ ಹತ್ತಿದೆ. ಬಿಸಿಲಿಗೆ ಹಾಕಿದರೆ ಶಾಯಿ ಹಾರುತ್ತದೆ, ಒಲೆಯ ಬಿಸಿಗೆ ಹಿಡಿದರೆ ಮುರುಟುತ್ತದೆ, ಕಾಗದ ನೆರಳಲ್ಲೇ ಒಣಗಬೇಕು ಎಂದು ಕಾಯಿಗಳ ನಡುವೆ ಚಾಪೆ ಹಾಸಿ ಒಂದೊಂದಾಗಿ ಹರಡಿದರು. ಉಯಿಲಿನ ಬೂಷ್ಟನ್ನು ಒಣ ಹತ್ತಿಯಿಂದ ಒತ್ತಿ ಒತ್ತಿ ತೆಗೆದರು.

ನನಗೆ ಇನ್ನು ತಡೆಯಲಾಗಲಿಲ್ಲ. ಅಡುಗೆಮನೆಯ ಗೂಡಿನಿಂದ ಆ ಪುಸ್ತಿಕೆ ತಂದು, ಅಲ್ಲೇ ಕೂತು ಓದಿ ಹೇಳಿದೆ. ಬೆಂಕಿ ತಡೆಯಲೆಂದು ಈ ಪೆಟ್ಟಿಗೆಯ ಗೋಡೆಗೆ ತುಂಬಿದ ಪದಾರ್ಥದಲ್ಲೇ ತೇವ ಇರುತ್ತದಂತೆ. ವಾರಕ್ಕೊಮ್ಮೆ ಬಾಗಿಲು ತೆರೆದು ಗಾಳಿ ಆಡಿಸಬೇಕಂತೆ. ಬಿಳಿ ಪೊಟ್ಟಣ ತೇವ ಹೀರುವುದಕ್ಕಂತೆ. ಕಾಗದಗಳನ್ನು ಗಾಳಿಯಾಡದ ಕವರಿನಲ್ಲಿಡಬೇಕಂತೆ. ಒಂದೊಂದು ಸಾಲೂ ನನ್ನ ಕಪಾಳಕ್ಕೆ ಬಿದ್ದ ಹಾಗಿತ್ತು. ಪೊಟ್ಟಣ ಎಸೆದದ್ದನ್ನೂ ಹೇಳಿದೆ.

ಅತ್ತೆ ನನ್ನನ್ನು ನೋಡಿದ ನೋಟಕ್ಕೆ ಅಟ್ಟದಿಂದ ಹಾರಿಬಿಡೋಣ ಅನ್ನಿಸಿತು. "ಓದಿದೋಳು!" ಎಂದರು. "ಓದಿ ಏನ್ ಕಡಿದು ಕಟ್ಟೆ ಹಾಕ್ದೆ ನೀನು?" ಬೈದರು, ಚೆನ್ನಾಗಿಯೇ ಬೈದರು. ನಾನು ತಲೆ ತಗ್ಗಿಸಿ ಕೇಳಿದೆ. ಬೈದು ಮುಗಿಸಿ ಒಂದು ಕಾಯಿ ಎತ್ತಿ ಅಲ್ಲಾಡಿಸಿದರು, ಕೆಳಗಿಟ್ಟರು.

"ಬುಡು. ಬರೀ ನಿಂದಲ್ಲ. ಮುಟ್ದೆ ಬಿಟ್ರೆ ತಾನಾಗೇ ಕೊಬ್ರಿ ಆಯ್ತದೆ ಅನ್ಕಂಡು ಕೂತಿದ್ದೋಳು ನಾನು. ಸಾವಿರ ಕಾಯಲ್ಲಿ ಕೊಳೆತಿದ್ದು ಹುಡುಕ್ತೀನಿ, ನನ್ ಕಾಗ್ದ ವರ್ಷಗಟ್ಲೆ ಮೂಸಿ ನೋಡ್ಲಿಲ್ಲ. ಟ್ರಂಕಿನಾಗಿದ್ದಾಗ್ಲೇ ತಗಂಡು ಹೋಗಿದ್ರೆ ಒಂದಕ್ಷರ ಅಳಿಸ್ತಿರ್ಲಿಲ್ಲ" ಎಂದರು. ಆದರೂ ಅಳಲಿಲ್ಲ. ಸಿಟ್ಟಿಗೆ ಅಳು ಹತ್ತಿರ ಬರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಕೈಗೆ ಸಿಕ್ಕ ಮೆಂತ್ಯ ಬಣ್ಣದ ಸೀರೆ ಉಟ್ಟು ಅತ್ತೆಯ ಜೊತೆ ಹೊರಟೆ. ಒಣಗಿದ ಉಯಿಲನ್ನು ಎರಡು ರಟ್ಟಿನ ನಡುವೆ ಇಟ್ಟು, ಹೊಸ ಪ್ಲಾಸ್ಟಿಕ್ ಕವರಿಗೆ ಹಾಕಿ, ಅತ್ತೆ ಎದೆಗೆ ಅವಚಿಕೊಂಡಿದ್ದರು. ಅರಸೀಕೆರೆಯಲ್ಲಿ ಬೇಲೂರು ಬಸ್ಸು ಹತ್ತಿದೆವು. ಜಾವಗಲ್ ದಾಟಿ ಹಳೇಬೀಡಿನಲ್ಲಿ ಇಳಿದು, ಆಟೋದಲ್ಲಿ ಬಸ್ತಿಹಳ್ಳಿಗೆ ಹೋಗಿ ರಾಮಣ್ಣನವರನ್ನು ಮನೆಯಿಂದಲೇ ಎಬ್ಬಿಸಿಕೊಂಡೆವು. ಅವರಿಗೆ ಕಿವಿ ಮಂದ. ವಿಷಯ ತಿಳಿದದ್ದೇ, "ನಾನು ಬದುಕಿರೋವಾಗ್ಲೇ ಬಂದ್ಯಲ್ಲವ್ವ. ಮೇಷ್ಟ್ರು ಬರೀವಾಗ ಪೆನ್ನಿಗೆ ಶಾಯಿ ತುಂಬಿದ್ದೇ ನಾನ್ ಕಣಮ್ಮ" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು.

ಬೇಲೂರಿನ ವಕೀಲರು ಒಬ್ಬ ಹೆಂಗಸು, ಮಾತು ಚುರುಕು, ಗಣೇಶನ ಹಬ್ಬದ ರಜೆಯೆಂದು ಮನೆಯಲ್ಲೇ ಸಿಕ್ಕರು. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಮೇಷ್ಟ್ರ ಸಹಿ ಇದೆ, ಸಾಕ್ಷಿಗಳ ಸಹಿ ಇದೆ, ಸರ್ವೆ ನಂಬರು ಇದೆ, ಹೆಸರು ಹೋಗಿದೆ ಎಂದರು. ಆಮೇಲೆ ಅತ್ತೆಯನ್ನು ಕೇಳಿದರು. "ನಿಮ್ಮ ತಂದೆಗೆ ಎಷ್ಟು ಜನ ಹೆಣ್ಣು ಮಕ್ಕಳಮ್ಮ?"

"ನಾನೊಬ್ಳೇ."

"ಹಾಗಾದರೆ 'ಮಗಳು' ಅಂತ ಉಳಿದಿರೋದು ಸಾಕು, ಹೋರಾಡಬಹುದು. ಇವರ ಸಾಕ್ಷಿ ಬೇಗ ಮಾಡಿಸಬೇಕು" ಎಂದು ರಾಮಣ್ಣನವರ ಕಡೆ ನೋಡಿದರು. ಮತ್ತೆ ಅತ್ತೆಯನ್ನು ಗದರಿದರು. "ಇಷ್ಟು ವರ್ಷ ಇದನ್ನು ಎಲ್ಲಿ ಇಟ್ಟುಕೊಂಡು ಕೂತಿದ್ದಿರಿ? ಇನ್ನೊಂದು ಮೂರು ವರ್ಷ ಬಿಟ್ಟಿದ್ದರೆ ಹನ್ನೆರಡು ವರ್ಷದ ಗಡುವು ಮುಗಿದು, ಕಾಗದ ಚೆನ್ನಾಗಿದ್ದರೂ ನಾನು ಏನೂ ಮಾಡಕ್ಕಾಗುತ್ತಿರಲಿಲ್ಲ."

ಅತ್ತೆ ಪೆನ್ನು ಕೈಗೆ ತೆಗೆದುಕೊಂಡರು. ವಕಾಲತ್ತಿನ ಕಾಗದಕ್ಕೆ ಸಹಿ ಹಾಕಿದರು. ವಿಶಾಲಮ್ಮ ಎಂದು, ಅಪ್ಪನದೇ ದುಂಡು ಅಕ್ಷರದಲ್ಲಿ, ಪೆನ್ನು ಒತ್ತಿ ಒತ್ತಿ ಬರೆದರು.

ಸಂಜೆ ಮನೆಗೆ ಬಂದು ಕಾಲು ತೊಳೆದವರೇ ಅಟ್ಟ ಹತ್ತಿದೆವು, ಉಳಿದ ಕಾಗದಗಳು ಒಣಗಿದವೋ ಎಂದು ನೋಡಲು. ಮಾವನವರ ಪತ್ರಗಳ ಅಂಚು ಹಳದಿಯಾಗಿತ್ತು, ಓದಬಹುದಿತ್ತು. ನನ್ನ ಅಂಕಪಟ್ಟಿಗಳಿಗೆ ಅಲ್ಲಲ್ಲಿ ಚುಕ್ಕೆ. ಅತ್ತೆ ಒಂದೊಂದನ್ನೂ ಎತ್ತಿ, ಮೂಸಿ, ಮೊರಕ್ಕೆ ಹಾಕುತ್ತಿದ್ದರು. ಕೊನೆಯದನ್ನು ಎತ್ತಿದಾಗ ನಿಂತರು. ದಪ್ಪ ಕಾಗದ, ಮಿಷಿನ್ನಿನಲ್ಲಿ ಮುದ್ರಿಸಿದ ಕಡುಗಪ್ಪು ಅಕ್ಷರ, ನೀಲಿ ಮೊಹರು, ಫೋಟೋ, ಹೆಬ್ಬೆಟ್ಟು. ಬೂಷ್ಟು ಅದರ ಹತ್ತಿರವೂ ಸುಳಿದಿರಲಿಲ್ಲ.

ಅದು ಅರಸೀಕೆರೆಯ ನನ್ನ ತವರಿನ ಪತ್ರ. ನಮ್ಮಪ್ಪನ ಆಸ್ತಿಯಲ್ಲಿ ನನ್ನ ಹಕ್ಕನ್ನು ಸಂತೋಷದಿಂದ ಅಣ್ಣಂದಿರಿಗೆ ಬಿಟ್ಟುಕೊಟ್ಟಿದ್ದೇನೆ ಎಂಬ ಪತ್ರ. ಮೂರು ವರ್ಷದ ಹಿಂದೆ, ಎಲ್ಲರೂ ಹಾಕುತ್ತಾರೆ, ಸುಮ್ಮನೆ ಒಂದು ಸಹಿ ಎಂದಾಗ, ಓದದೇ ಹಾಕಿ ಬಂದಿದ್ದೆ. ಓದಿದವಳು!

ಅತ್ತೆ ಅಟ್ಟದ ಗವಾಕ್ಷಿಯ ಬೆಳಕಿನಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿದರು. ಮೂಗಿನ ಹತ್ತಿರ ತಂದು ಮೂಸಿದರು.

"ಇದ್ಕೇನೂ ಆಗಿಲ್ಲ" ಎಂದರು. "ಒಂದಕ್ಷರ ಅಳಿಸಿಲ್ಲ ನೋಡು."

ನಾನು ಮೊರದಲ್ಲಿದ್ದ ಅಂಕಪಟ್ಟಿಗಳನ್ನು ಜೋಡಿಸತೊಡಗಿದೆ.

"ಏನ್ ಕೊಟ್ರೇ ನಿಂಗೆ?"

"ಸೀರೆ."

"ಯಾವುದು?"

ನನ್ನ ಕೈ ತಾನಾಗಿ ಹೆಗಲಿಗೆ ಹೋಯಿತು. ಮೆಂತ್ಯ ಬಣ್ಣದ ಸೆರಗು ಬೇಲೂರಿನ ಧೂಳು ಹೊತ್ತು ನನ್ನ ಹೆಗಲ ಮೇಲೇ ಇತ್ತು. ಅತ್ತೆ ಅದನ್ನೇ ನೋಡುತ್ತಿದ್ದರು.